ಸಾಲು ತುಂಬಲು ಹಾಕಿದ ಬೆಳ್ಳುಳ್ಳಿ

ಲೇಬಲ್ಲಿನ ಕೆಲಸ ಗೊತ್ತಿಲ್ಲದವರು ಅದನ್ನು ಬರವಣಿಗೆ ಎಂದುಕೊಳ್ಳುತ್ತಾರೆ. ಅಲ್ಲ, ಅದು ಜಾಗದ ಕೆಲಸ. ಮೂರು ಅಂಗುಲ ಅಗಲ, ಎರಡು ಅಂಗುಲ ಎತ್ತರದ ಕಾಗದದಲ್ಲಿ ಹೆಸರು, ಗುಣ, ತೂಕ, ವಿಳಾಸ, ಬಳಸುವ ವಿಧಾನ ಎಲ್ಲವೂ ಕೂರಬೇಕು. ಕೂತ ಮೇಲೆ ಅಂಚಿನಲ್ಲಿ ಒಂದಿಷ್ಟು ಬಿಳಿಯೂ ಉಳಿಯಬೇಕು. ಸಾಲು ಉದ್ದವಾದರೆ ಏನನ್ನಾದರೂ ಕಿತ್ತುಹಾಕುತ್ತೇನೆ, ಗಿಡ್ಡವಾದರೆ ಏನನ್ನಾದರೂ ತುರುಕುತ್ತೇನೆ. ಶೂ ಪಾಲಿಶ್, ಇಲಿ ಪಾಷಾಣ, ತಲೆಗೆ ಹಚ್ಚುವ ಎಣ್ಣೆ, ನೆಲ ಒರೆಸುವ ದ್ರಾವಣ, ಯಾವುದೇ ಇರಲಿ, ಇಪ್ಪತ್ತೆರಡು ವರ್ಷದಿಂದ ಹೀಗೇ ನಡೆಸಿಕೊಂಡು ಬಂದಿದ್ದೇನೆ. ಯಾರೂ ಓದುವುದಿಲ್ಲ ಎಂಬ ಧೈರ್ಯವೇ ನನ್ನ ಕಸುಬಿನ ಬಂಡವಾಳವಾಗಿತ್ತು.

ಆ ಧೈರ್ಯವನ್ನು ಕೆಡಿಸಿದವರು ಒಬ್ಬ ಅರಿವಳಿಕೆ ಡಾಕ್ಟರು.

ಮೊದಲು ಭಾವನ ವಿಷಯ ಹೇಳಬೇಕು. ನನ್ನ ಅಕ್ಕನ ಗಂಡ ಮನೆಯ ಹಿಂದಿನ ಶೆಡ್ಡಿನಲ್ಲಿ ಆರೋಗ್ಯದ ಪುಡಿ ತಯಾರಿಸುತ್ತಾರೆ. ಶೆಡ್ಡು ಕಾರಿಗೆಂದು ಕಟ್ಟಿದ್ದು. ಕಾರು ಬರಲಿಲ್ಲ, ಗಿರಣಿ ಬಂತು. ಒಂದು ಜರಡಿ, ನಾಲ್ಕು ಡ್ರಮ್ಮು, ಬಾಗಿಲಿಗೆ ಕುದುರೆ ಲಾಯಕ್ಕೆ ಹಾಕುವಂಥ ಬೀಗ. ಬೀಗದ ಕೈ ಭಾವನ ಸೊಂಟ ಬಿಟ್ಟು ಕದಲುವುದಿಲ್ಲ. ಪುಡಿಯೊಳಗೆ ಏನಿದೆ ಎಂಬುದು ಅವರನ್ನೂ, ಅವರಿಗೆ ಕಲಿಸಿ ತೀರಿಕೊಂಡ ಮುದುಕರನ್ನೂ ಬಿಟ್ಟು ಮೂರನೆಯವರಿಗೆ ಗೊತ್ತಿಲ್ಲ. ಕಟ್ಟಿಕೊಂಡ ಹೆಂಡತಿಗೂ ಗೊತ್ತಿಲ್ಲ.

ಅಕ್ಕ ಮಾತ್ರ ಒಂಬತ್ತು ವರ್ಷದಿಂದ ಬೆಳಿಗ್ಗೆ ಎರಡು ಚಮಚ, ಸಂಜೆ ಎರಡು ಚಮಚ ಬಿಸಿನೀರಿಗೆ ಹಾಕಿಕೊಂಡು ಕುಡಿಯುತ್ತಿದ್ದಳು. ಮೊದಲ ವರ್ಷ ಅವಳ ಮಂಡಿನೋವು ಕಡಿಮೆಯಾಯಿತು. ಭಾವ ತಕ್ಷಣ ಅವಳ ಫೋಟೋ ತೆಗೆಸಿ ಬಾಟಲಿಯ ಮೇಲೆ ಅಂಟಿಸಿದರು. ಅಂದಿನಿಂದ ಅಂಗಡಿಗಳಲ್ಲಿ ಅದನ್ನು ಯಾರೂ ಅಸಲಿ ಹೆಸರಿನಿಂದ ಕೇಳುವುದಿಲ್ಲ, 'ಅಕ್ಕನ ಪುಡಿ ಕೊಡಿ' ಅನ್ನುತ್ತಾರೆ. ಬಾಟಲಿಯ ಮೇಲೆ ನಗುತ್ತಿರುವವಳು ಮನೆಯಲ್ಲಿ ಅದನ್ನು ಕುಡಿಯದಿದ್ದರೆ ಹೇಗೆ ಎಂದು ಅವಳೂ ಬಿಡದೆ ಕುಡಿದಳು.

ಲೇಬಲ್ಲು ನನ್ನದೇ. ಭಾವ ಹರಿದ ಕ್ಯಾಲೆಂಡರಿನ ಹಿಂದೆ ಎರಡು ಮೂರು ಹೆಸರು ಗೀಚಿ ಕೊಟ್ಟು ಹೇಳಿದ್ದು ಇಷ್ಟೆ:

"ಎಲ್ಲಾ ಹೇಳಿದ್ರೆ ನಾಳೆ ಎದುರಂಗಡಿಯವನು ಶುರು ಹಚ್ಕೋತಾನೆ. ಬಾಕಿದು ನೀನೇ ನೋಡ್ಕೊಂಡು ತುಂಬ್ಸು. ಬಾಟ್ಲಿ ಬೋಳಾಗಿ ಕಾಣ್ಬಾರ್ದು."

ನಾನು ತುಂಬಿಸಿದೆ. ಹನ್ನೊಂದು ಹೆಸರಾಯಿತು. ನಾಲ್ಕನೇ ಸಾಲಿನಲ್ಲಿ ನೆಲ್ಲಿಗೂ ಶುಂಠಿಗೂ ನಡುವೆ ಒಂದು ಕಿಂಡಿ ಉಳಿದಿತ್ತು. ಅಲ್ಲಿ ಬೆಳ್ಳುಳ್ಳಿ ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿತು. ಪುಡಿಯಲ್ಲಿ ಬೆಳ್ಳುಳ್ಳಿ ಇರಲಿಲ್ಲ. ಸಾಲಿನಲ್ಲಿ ಜಾಗ ಇತ್ತು, ಅಷ್ಟೆ.

ಹೋದ ವರ್ಷದ ಕೊನೆಗೆ ಅಕ್ಕನಿಗೆ ಪಿತ್ತಕೋಶದಲ್ಲಿ ಕಲ್ಲು ಕಾಣಿಸಿಕೊಂಡಿತು. ಊಟ ಮಾಡಿದರೆ ಪಕ್ಕೆ ಹಿಡಿದುಕೊಂಡು ಮುದುಡುತ್ತಿದ್ದಳು. ಸರ್ಜನ್ನು ಪಿತ್ತದ ಚೀಲವನ್ನೇ ತೆಗೆದುಬಿಡೋಣ, ಪೂರ್ತಿ ಮಂಪರು ಕೊಟ್ಟು ಮಾಡುವ ಆಪರೇಷನ್ನು, ತಡಮಾಡಿದರೆ ಕಲ್ಲು ಜಾರಿ ಇನ್ನೊಂದು ಕಡೆ ಸಿಕ್ಕಿಕೊಳ್ಳುತ್ತದೆ ಎಂದರು. ಅಮ್ಮನಿಲ್ಲದ ನನ್ನನ್ನು ಸಾಕಿದವಳು ಅಕ್ಕ. ತಾನು ಸ್ಕೂಲು ಬಿಟ್ಟು ನನ್ನನ್ನು ಸ್ಕೂಲಿಗೆ ಕಳಿಸಿದವಳು. ಆಸ್ಪತ್ರೆಗೆ ಭಾವ ಹೊರಟರೆ ನಾನೂ ಹೊರಡುವವನೇ.

ಅರಿವಳಿಕೆ ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಕನ್ನಡಕ ತಲೆಯ ಮೇಲೆ, ಕೈಯಲ್ಲಿ ಪೆನ್ನು. ಅಕ್ಕನ ಬಾಯಿ ತೆಗೆಸಿದರು, ಕತ್ತು ತಿರುಗಿಸಿದರು, ಬಿಪಿ ನೋಡಿ "ಸ್ವಲ್ಪ ಜಾಸ್ತಿ ಇದೆ, ಗಾಬರಿಗಿರಬಹುದು" ಎಂದರು. ಆಮೇಲೆ ಕೇಳಿದರು:

"ಗಿಡಮೂಲಿಕೆ, ಪುಡಿ, ಟಾನಿಕ್ಕು ಏನಾದ್ರೂ ತಗೋತೀರಾ?"

ಭಾವ ಆ ಪ್ರಶ್ನೆಗಾಗಿಯೇ ಹುಟ್ಟಿದವರ ಹಾಗೆ ಚೀಲದಿಂದ ಬಾಟಲಿ ತೆಗೆದು ಮೇಜಿನ ಮೇಲಿಟ್ಟರು. ಡಾಕ್ಟರು ಕನ್ನಡಕ ಮೂಗಿಗಿಳಿಸಿ ಲೇಬಲ್ಲು ಓದತೊಡಗಿದರು. ಒಂದೊಂದೇ ಹೆಸರಿಗೆ ಪೆನ್ನಿನ ತುದಿ ಇಡುತ್ತಾ, ಪೂರ್ತಿ ಓದಿದರು. ನನ್ನ ಬರಹವನ್ನು ಅಷ್ಟು ಶ್ರದ್ಧೆಯಿಂದ ಅಲ್ಲಿಯವರೆಗೆ ಯಾರೂ ಓದಿರಲಿಲ್ಲ. ಎದೆ ಒಂದು ಕ್ಷಣ ಉಬ್ಬಿತು ಎಂದು ಹೇಳಲು ಈಗ ನಾಚಿಕೆಯಾಗುತ್ತದೆ.

ಪೆನ್ನು ನಾಲ್ಕನೇ ಸಾಲಿನಲ್ಲಿ ನಿಂತಿತು.

"ಬೆಳ್ಳುಳ್ಳಿ ಇದೆಯಲ್ಲ ಇದ್ರಲ್ಲಿ. ಅಡುಗೆಗೆ ಹಾಕೋ ಹಾಗಲ್ಲ ಇದು, ಪುಡಿ ಮಾಡಿ ವರ್ಷಗಟ್ಟಲೆ ತಗೊಂಡ್ರೆ ರಕ್ತ ಬೇಗ ಹೆಪ್ಪುಗಟ್ಟಲ್ಲ. ಶುಂಠಿನೂ ಇದೆ. ಎರಡು ವಾರ ಎಲ್ಲಾ ನಿಲ್ಸಿ. ಆಪರೇಷನ್ ಆಮೇಲೇ ಇಟ್ಕೊಳ್ಳೋಣ. ಬರೋ ಮುಂಚೆ ರಕ್ತ ಪರೀಕ್ಷೆ ಮಾಡಿಸ್ಕೊಂಡು ಬನ್ನಿ."

ಇಲ್ಲದ ಬೆಳ್ಳುಳ್ಳಿಯ ದೆಸೆಯಿಂದ ಅಕ್ಕ ಇನ್ನೂ ಎರಡು ವಾರ ಪಕ್ಕೆ ಹಿಡಿದುಕೊಳ್ಳಬೇಕಾಯಿತು. ನಾನು ಭಾವನ ಮುಖ ನೋಡಿದೆ. ಭಾವ ಸೀಲಿಂಗ್ ಫ್ಯಾನು ನೋಡುತ್ತಿದ್ದರು.

ಬಸ್ಸಿನಲ್ಲಿ ಭಾವನ ತಲೆ ಕೆಲಸ ಮಾಡಿತು. ನನ್ನ ಕಿವಿಯ ಹತ್ತಿರ ಬಗ್ಗಿದರು.

"ಆಯಮ್ಮನ ತಕರಾರು ಬೆಳ್ಳುಳ್ಳಿ ಮೇಲೆ. ಪುಡಿಲಿ ಬೆಳ್ಳುಳ್ಳಿ ಇಲ್ಲ. ಹಾಗಾದ್ರೆ ಪುಡಿ ಮೇಲೆ ತಕರಾರಿಲ್ಲ. ಸರಿನಾ?"

"ಎಲ್ಲಾ ನಿಲ್ಸಿ ಅಂದ್ರಲ್ಲ, ಭಾವ."

"ಎಲ್ಲಾ ಅಂದಿದ್ದು ಬೆಳ್ಳುಳ್ಳಿ ನೋಡಿ. ನೀನು ಹೊಸ ಲೇಬಲ್ ಹೊಡಿ. ಬೆಳ್ಳುಳ್ಳಿ, ಶುಂಠಿ ತೆಗ್ದುಬಿಡು. ಇಲ್ಲದ್ದನ್ನ ಇಲ್ಲ ಅನ್ನೋದ್ರಲ್ಲಿ ಏನ್ ಮೋಸ? ಒಂಬತ್ತು ವರ್ಷ ಕುಡಿದವಳು ಈಗ ನಿಲ್ಸಿದ್ರೆ ಮಂಡಿ ಮತ್ತೆ ಹಿಡ್ಕೊಳ್ಳುತ್ತೆ."

ಭಾವ ಹೀಗೆ ಲೆಕ್ಕ ಬಿಡಿಸಿದಾಗ ತಪ್ಪು ಎಲ್ಲಿದೆ ಎಂದು ಹುಡುಕುವಷ್ಟರಲ್ಲಿ ನಮ್ಮ ಸ್ಟಾಪು ಬಂದುಬಿಡುತ್ತದೆ. ಇಷ್ಟಕ್ಕೂ ಅವರ ಎದುರು ದನಿ ಎತ್ತಿ ಅಭ್ಯಾಸವಿಲ್ಲ ನನಗೆ. ನಾನು ಕೆಲಸ ಮಾಡುವ ಪ್ರೆಸ್ಸಿಗೆ ಬಂದವನೇ ಲೇಬಲ್ಲಿನ ಹಳೆಯ ಪ್ರತಿಗಳ ಫೈಲು ಎಳೆದೆ.

ಫೈಲಿನ ತಳದಲ್ಲಿ ಮೊಟ್ಟಮೊದಲ ಲೇಬಲ್ಲಿತ್ತು. ಅಕ್ಕನ ಫೋಟೋ ಬರುವ ಮುಂಚಿನದು. ಅದರ ಕೊನೆಯ ಎರಡು ಸಾಲನ್ನು ಎರಡೆರಡು ಸಲ ಓದಿದೆ. 'ಜೇಷ್ಠಮಧು ಸೇರಿದೆ. ಆರು ವಾರಕ್ಕಿಂತ ಹೆಚ್ಚು ಕಾಲ ಬಿಡದೆ ಸೇವಿಸಬಾರದು.' ಕಲಿಸಿದ ಮುದುಕರು ಹಟ ಹಿಡಿದು ಹಾಕಿಸಿದ ಮಾತು ಅದು. ಆಮೇಲೆ ಫೋಟೋ ಬಂತು. ಫೋಟೋಗೆ ಎರಡು ಸಾಲಿನ ಜಾಗ ಬೇಕಿತ್ತು. ನಾನು ಆ ಎರಡು ಸಾಲು ಕಿತ್ತುಹಾಕಿ ಅಲ್ಲಿ ಅಕ್ಕನ ಮುಖ ಕೂರಿಸಿದ್ದೆ. ಯಾರನ್ನೂ ಕೇಳಿರಲಿಲ್ಲ. ಭಾವ ನೋಡಿ "ಈಗ ಲಕ್ಷಣವಾಗಿದೆ" ಎಂದಿದ್ದರು.

ಅವತ್ತೇ ಅಕ್ಕನ ಮನೆಗೆ ಓಡಿಹೋಗಿ ಹೇಳಬೇಕಿತ್ತು. ಹೇಳಲಿಲ್ಲ. ಜೇಷ್ಠಮಧು ಏನು ವಿಷವೇ, ಕೆಮ್ಮಿಗೆ ಮಕ್ಕಳೂ ಚೀಪುತ್ತವೆ ಎಂದುಕೊಂಡೆ. ಭಾವ ರೇಗುತ್ತಾರೆ ಎಂದುಕೊಂಡೆ. ನಿಜ ಹೇಳಬೇಕೆಂದರೆ ಅಕ್ಕ ನನ್ನನ್ನು ಹೇಗೆ ನೋಡುತ್ತಾಳೋ ಎಂದು ಹೆದರಿದೆ. ಬೆಳ್ಳುಳ್ಳಿ, ಶುಂಠಿ ತೆಗೆದೆ. ಸಾಲು ಕುಂಟಿತು. ಆ ಜಾಗಕ್ಕೆ ಸೋಂಪು ಮತ್ತು ಧನಿಯ ತುಂಬಿಸಿದೆ. ಕೈಗೆ ಅಂಟಿದ ಚಾಳಿ ಅಷ್ಟು ಸುಲಭಕ್ಕೆ ಹೋಗುತ್ತದೆಯೇ!

ಇದು ಬೆಳ್ಳುಳ್ಳಿ ಇಲ್ಲದ್ದು ಎಂದು ಭಾವ ಹೇಳಿದ್ದನ್ನು ನಂಬಿ ಅಕ್ಕ ಹೊಸ ಲೇಬಲ್ಲಿನ ಹಳೆಯ ಪುಡಿಯನ್ನು ಎಂದಿನಂತೆ ಕುಡಿದಳು.

ಎರಡು ವಾರ ಕಳೆದು ಮತ್ತೆ ಅದೇ ಕೋಣೆ, ಅದೇ ಮೂರು ಕುರ್ಚಿ. ಡಾಕ್ಟರು ರಕ್ತದ ರಿಪೋರ್ಟು ನೋಡಿದರು, ಅಕ್ಕನನ್ನು ನೋಡಿದರು, ಮತ್ತೆ ರಿಪೋರ್ಟು ನೋಡಿದರು.

"ಕಾಲಲ್ಲಿ ಶಕ್ತಿ ಇಲ್ಲದ ಹಾಗೆ ಅನ್ಸುತ್ತಾ?"

"ಮೆಟ್ಲು ಹತ್ತೋಕಾಗಲ್ಲ ಡಾಕ್ಟ್ರೇ. ವಯಸ್ಸಾಯ್ತಲ್ಲ."

"ವಯಸ್ಸಲ್ಲಮ್ಮ. ನಿಮ್ಮ ರಕ್ತದಲ್ಲಿ ಪೊಟ್ಯಾಸಿಯಂ ತುಂಬಾ ಇಳಿದುಹೋಗಿದೆ. ಬಿಪಿ ಏರಿದೆ. ಹೀಗೇ ಮಲಗಿಸಿದ್ರೆ ಟೇಬಲ್ ಮೇಲೇ ಹಾರ್ಟು ತಾಳ ತಪ್ಪಬಹುದು. ನಾನಂತೂ ಮಲಗಿಸಲ್ಲ." ಅವರು ಪೆನ್ನಿನಿಂದ ಮೇಜು ಕುಟ್ಟಿದರು. "ಜೇಷ್ಠಮಧು ಏನಾದ್ರೂ ತಗೋತಿದ್ದೀರಾ? ದಿನಾ?"

"ಇಲ್ಲಪ್ಪ," ಎಂದಳು ಅಕ್ಕ. ಅವಳು ಸುಳ್ಳು ಹೇಳಲಿಲ್ಲ. ಅವಳಿಗೆ ಗೊತ್ತಿರಲಿಲ್ಲ.

ಭಾವನಿಗೆ ಗೊತ್ತಿತ್ತು. ಅವರ ಕಣ್ಣು ಬಾಗಿಲ ಕಡೆ ಹೋಯಿತು. ಬಾಗಿಲು ಅರ್ಧ ತೆರೆದಿತ್ತು. ಹೊರಗೆ ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡ ಒಬ್ಬ ಮನುಷ್ಯ ಕೂತು ಆಕಳಿಸುತ್ತಿದ್ದ. ಎದುರಂಗಡಿಯವನು ಕಳಿಸಿದ ಗೂಢಚಾರನಂತೆ ಕಂಡಿರಬೇಕು ಭಾವನಿಗೆ. ಸೊಂಟದ ಬೀಗದ ಕೈ ಮುಟ್ಟಿ ನೋಡಿಕೊಂಡು, ಹೊಸ ಬಾಟಲಿಯನ್ನು ಡಾಕ್ಟರ ಮುಂದೆ ತಳ್ಳಿದರು.

"ಓದ್ಕೊಳ್ಳಿ ಡಾಕ್ಟ್ರೇ. ಇದ್ರಲ್ಲಿ ಎಲ್ಲಿದೆ ಜೇಷ್ಠಮಧು?"

ಡಾಕ್ಟರು ಹನ್ನೊಂದು ಹೆಸರನ್ನೂ ಓದಿದರು. ಇರಲಿಲ್ಲ. ಬಾಟಲಿ ಕೆಳಗಿಟ್ಟರು.

"ಹಾಗಾದ್ರೆ ಕಿಡ್ನಿ ಮೇಲೆ ಒಂದು ಗ್ರಂಥಿ ಇರುತ್ತೆ, ಅದ್ರಲ್ಲಿ ಗೆಡ್ಡೆ ಇದೆಯಾ ನೋಡ್ಬೇಕು. ಸ್ಕ್ಯಾನಿಂಗ್ ಬರೆದುಕೊಡ್ತೀನಿ."

"ಗೆಡ್ಡೆ ಅಂದ್ರೆ," ಅಕ್ಕ ನಿಧಾನವಾಗಿ ಕೇಳಿದಳು, "ಆ ತರದ ಗೆಡ್ಡೆನಾ ಡಾಕ್ಟ್ರೇ?"

ಕೇಳುತ್ತಾ ಪಕ್ಕಕ್ಕೆ ಕೈ ಚಾಚಿದಳು. ಆ ಪಕ್ಕದಲ್ಲಿ ಭಾವನಿದ್ದರು, ಈ ಪಕ್ಕದಲ್ಲಿ ನಾನು. ಅವಳು ಹಿಡಿದದ್ದು ನನ್ನ ಕೈ. ಬೆರಳು ಮಂಜುಗಡ್ಡೆಯ ಹಾಗಿತ್ತು. ನನಗೆ ಕೂತಿರಲಾಗಲಿಲ್ಲ.

"ಡಾಕ್ಟ್ರೇ, ಆ ಲೇಬಲ್ ಮಾಡಿದ್ದು ನಾನು."

"ಹೌದಾ? ಚೆನ್ನಾಗಿದೆ," ಎಂದರು ಡಾಕ್ಟರು, ಬರೆಯುತ್ತಾ.

"ಚೆನ್ನಾಗಿಲ್ಲ. ಅದ್ರಲ್ಲಿರೋದು ಪುಡಿಲಿಲ್ಲ. ಪುಡಿಲಿರೋದು ಅದ್ರಲ್ಲಿಲ್ಲ."

ಪೆನ್ನು ನಿಂತಿತು.

"ಹೋದ ಸಲ ಬೆಳ್ಳುಳ್ಳಿ ಇತ್ತಲ್ಲ?"

"ಸಾಲು ತುಂಬ್ಲಿಲ್ಲ ಅಂತ ಹಾಕಿದ್ದೆ."

"ಸಾಲು..." ಡಾಕ್ಟರು ಕನ್ನಡಕ ತೆಗೆದರು. "ರೀ, ನಾನು ಆ ಬೆಳ್ಳುಳ್ಳಿಗೆ ಹೆದರಿ ಆಪರೇಷನ್ನೇ ಮುಂದೆ ಹಾಕಿದ್ದೆ ಕಣ್ರೀ!"

"ಗೊತ್ತು ಡಾಕ್ಟ್ರೇ."

"ಈ ಸೋಂಪು, ಧನಿಯ?"

"ಬೆಳ್ಳುಳ್ಳಿ ತೆಗೆದ ಜಾಗಕ್ಕೆ."

"ಜೇಷ್ಠಮಧು?"

"ಇದೆ. ಒಂಬತ್ತು ವರ್ಷದಿಂದ ಇದೆ. ಆರು ವಾರದ ಮೇಲೆ ತಗೋಬಾರ್ದು ಅಂತ ಮೊದಲು ಬರೆದಿತ್ತು. ನಾನೇ ತೆಗ್ದೆ. ಅಕ್ಕನ ಫೋಟೋಗೆ ಜಾಗ ಬೇಕಿತ್ತು."

ಅಕ್ಕ ನನ್ನ ಕೈ ಬಿಟ್ಟಳು. ಬಾಟಲಿ ಎತ್ತಿಕೊಂಡು ತನ್ನದೇ ನಗುಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಡಾಕ್ಟರು ಭಾವನ ಕಡೆ ತಿರುಗಿದರು.

"ಯಜಮಾನ್ರೇ, ಇದ್ರಲ್ಲಿ ನಿಜವಾಗ್ಲೂ ಏನೇನಿದೆ ಹೇಳಿ. ನಾನು ಗಿಡಮೂಲಿಕೆನ ಬಯ್ತಾ ಇಲ್ಲ. ಹೊಟ್ಟೆಲಿ ಏನಿದೆ ಅಂತ ಗೊತ್ತಿಲ್ದೆ ಯಾರನ್ನೂ ಮಲಗಿಸೋಕಾಗಲ್ಲ. ಮಲಗಿಸೋದು ಸುಲಭ, ಎಬ್ಬಿಸ್ಬೇಕಲ್ಲ!"

ಭಾವನ ಮುಖ ಇಂಗು ತಿಂದ ಮಂಗನ ಹಾಗಾಗಿತ್ತು. ಎದ್ದುಹೋಗಿ ಬಾಗಿಲು ಹಾಕಿ ಬಂದರು. ಅಕ್ಕನಿಗೂ ನನಗೂ ಹೊರಗೆ ಹೋಗಿ ಎಂದು ಸನ್ನೆ ಮಾಡಿದರು. ಅಕ್ಕ ಕುರ್ಚಿಯನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡಳು. ಕೊನೆಗೆ ಬೇರೆ ದಾರಿ ಕಾಣದೆ ಭಾವ ಮೇಜಿನ ಮೇಲೆ ಬಗ್ಗಿ, ಎರಡೂ ಅಂಗೈಯನ್ನು ಬಾಯಿಯ ಆಚೀಚೆ ಇಟ್ಟುಕೊಂಡು, ಡಾಕ್ಟರ ಕಿವಿಯಲ್ಲಿ ಪಿಸುಗುಟ್ಟಿದರು.

"ನಾಲ್ಕೇನಾ?" ಡಾಕ್ಟರು ಗಟ್ಟಿಯಾಗಿ ಕೇಳಿದರು.

"ಮೆಲ್ಲಗೆ, ಮೆಲ್ಲಗೆ!"

"ಜೇಷ್ಠಮಧು ಅರ್ಧ ಪಾಲು, ಅಶ್ವಗಂಧ, ಮೆಂತ್ಯ, ಬಾರ್ಲಿ ಹಿಟ್ಟು. ಅಷ್ಟೇನಾ?"

ಭಾವ ಕಿವಿ ಮುಚ್ಚಿಕೊಂಡರು. ಇಷ್ಟು ವರ್ಷದ ಗುಟ್ಟು ನಾಲ್ಕು ಸೆಕೆಂಡಿನಲ್ಲಿ ಮುಗಿದುಹೋಗಿತ್ತು. ಅಕ್ಕ ಅವರನ್ನು ನೋಡಿ ತಣ್ಣಗೆ ಕೇಳಿದಳು:

"ನನ್ನ ಮಂಡಿಗೆ ಇದ್ರಲ್ಲಿ ಯಾವ್ದು?"

ಭಾವ ಸೊಂಟದ ಬೀಗದ ಕೈ ತಿರುವತೊಡಗಿದರು.

"ಅರ್ಧ ಪಾಲು ಜೇಷ್ಠಮಧು ಯಾತಕ್ಕೆ?"

"ಸಿಹಿ ಇರುತ್ತೆ," ಎಂದರು ಭಾವ, ಕೇಳಿಸಿಯೂ ಕೇಳಿಸದಷ್ಟು ಮೆಲ್ಲಗೆ. "ಜನ ಇನ್ನೊಂದು ಬಾಟ್ಲಿ ಕೇಳ್ತಾರೆ."

ಡಾಕ್ಟರು ಪುಡಿಯನ್ನು ಆ ಕ್ಷಣದಿಂದ ನಿಲ್ಲಿಸಿದರು. ಪೊಟ್ಯಾಸಿಯಂ ಮಾತ್ರೆ ಬರೆದರು. ಜೇಷ್ಠಮಧುವಿನ ಪ್ರಭಾವ ಮೈಯಿಂದ ಇಳಿಯಲು ದಿನ ಹಿಡಿಯುತ್ತದೆ, ಮೂರು ವಾರ ಬಿಟ್ಟು ಮತ್ತೆ ನೋಡೋಣ, ರಕ್ತ ಸರಿಹೋದರೆ ಗೆಡ್ಡೆಯ ಮಾತೇ ಬೇಡ ಎಂದರು. ಗೆಡ್ಡೆ ಬೇಡ ಎಂದದ್ದೇ ನನಗೆ ಎಷ್ಟೋ ಸಮಾಧಾನವಾಯಿತು.

ಹೊರಗೆ ಬಂದ ಮೇಲೆ ಅಕ್ಕ ನನ್ನನ್ನು ಗೋಡೆಯ ಹತ್ತಿರ ನಿಲ್ಲಿಸಿಕೊಂಡಳು.

"ನಿಂಗೆ ಯಾವತ್ತಿಂದ ಗೊತ್ತು?"

"ಮರ್ತಿದ್ದೆ ಅಕ್ಕ. ಹೊಸ ಲೇಬಲ್ ಮಾಡೋವಾಗ ನೆನಪಾಯ್ತು."

"ಅಂದ್ರೆ ಎರಡು ವಾರ."

"ಹ್ಞೂಂ."

"ಎರಡು ವಾರ ನಾನು ನಿನ್ನೆದುರಿಗೇ ಕುಡಿದ್ನಲ್ಲೋ," ಎಂದಳು. ಅಷ್ಟೇ. ಬಯ್ಯಲಿಲ್ಲ.

ಭಾವನ ಜತೆ ಅವಳು ಸರಿಯಾಗಿ ಜಗಳವಾಡಿದಳು. ಆ ಜಗಳ ಬೀದಿಯ ಆ ತುದಿಗೆ ಕೇಳಿಸುತ್ತಿತ್ತು, ಅದರಿಂದ ಇಬ್ಬರ ಮೈಯೂ ಹಗುರಾಯಿತು. ನನ್ನ ಜತೆ ಮಾತ್ರ ಮಾತು ಬಿಟ್ಟಳು. ದಿನಾ ಹಣ್ಣು ತೆಗೆದುಕೊಂಡು ಹೋಗುತ್ತಿದ್ದೆ. ಭಾವನನ್ನು ಕರೆದು, "ಬಾಳೆಹಣ್ಣು ಅಲ್ಲಿಡೋಕೆ ಹೇಳಿ," ಅನ್ನುತ್ತಿದ್ದಳು. ನಾನು ಎರಡು ಮಾರು ದೂರದಲ್ಲೇ ನಿಂತಿರುತ್ತಿದ್ದೆ. ಭಾವ ತಿರುಗಿ ನನಗೆ, "ಬಾಳೆಹಣ್ಣು ಅಲ್ಲಿಡ್ಬೇಕಂತೆ," ಅನ್ನುತ್ತಿದ್ದರು. ಬೈಗುಳಕ್ಕೆ ನಾನು ಹೆದರುವವನಲ್ಲ. ಈ ಮೌನಕ್ಕೆ ಹೆದರಿದೆ. ಆಪರೇಷನ್ನಿನಲ್ಲಿ ಹೆಚ್ಚುಕಡಿಮೆಯಾದರೆ ಅಕ್ಕ ನನ್ನ ಮೇಲಿನ ಸಿಟ್ಟಿನಲ್ಲೇ ಹೋಗಿಬಿಡುತ್ತಾಳಲ್ಲ ಎಂದು ಕೂತಲ್ಲಿ ನಿಂತಲ್ಲಿ ಅದೇ ಯೋಚನೆ.

ಆ ದಿನಗಳಲ್ಲೇ ಭಾವ ಪ್ರೆಸ್ಸಿಗೆ ಬಂದರು. ಅಂಗಡಿಗಳಿಂದ ಬಾಟಲಿಗಳನ್ನೆಲ್ಲ ವಾಪಸು ತರಿಸಿದ್ದರು.

"ಹೊಸ ಲೇಬಲ್ ಮಾಡು. ನಾಲ್ಕೇ ಹೆಸರು. ಆರು ವಾರದ ಮಾತು ದಪ್ಪಕ್ಷರದಲ್ಲಿ. ಆಪರೇಷನ್ ಇರೋರು ಡಾಕ್ಟ್ರಿಗೆ ಹೇಳ್ಬೇಕು ಅಂತಾನೂ ಹಾಕು. ಫೋಟೋ ಬೇಡ."

"ಫೋಟೋ ಇಲ್ದಿದ್ರೆ ಬೋಳಾಗಿ ಕಾಣುತ್ತೆ, ಭಾವ."

"ಕಾಣ್ಲಿ ಬಿಡೋ," ಎಂದರು.

ಮೂರು ವಾರಕ್ಕೆ ರಕ್ತ ಸರಿಹೋಯಿತು. ಬಿಪಿ ಇಳಿಯಿತು. ಆಪರೇಷನ್ನಿನ ಬೆಳಿಗ್ಗೆ ಅಕ್ಕ ಹಸಿರು ಗೌನು ತೊಟ್ಟು ಮಂಚದ ಮೇಲೆ ಕೂತಿದ್ದಳು. ಬಳೆ ತೆಗೆದ ಕೈ ಬೇರೆ ಯಾರದೋ ಕೈಯಂತೆ ಕಾಣುತ್ತಿತ್ತು. ನರ್ಸಮ್ಮ ಒಪ್ಪಿಗೆ ಪತ್ರ ತಂದರು. ಎರಡು ಪುಟ, ಸಾಸಿವೆ ಕಾಳಿನಂಥ ಅಕ್ಷರ. ನೋಡಿದ ಕೂಡಲೇ ನಮ್ಮ ಕಸುಬಿನವನದೇ ಕೆಲಸ ಎಂದು ಗೊತ್ತಾಯಿತು.

"ಮನೆಯವರು ಇಲ್ಲೊಂದು ಸಹಿ ಮಾಡಿ," ಎಂದರು ನರ್ಸಮ್ಮ. ಭಾವ ಪೆನ್ನು ತೆಗೆದರು.

"ನೀವು ಬೇಡ," ಎಂದಳು ಅಕ್ಕ. "ಅವನು ಮಾಡ್ಲಿ. ಓದಿ ಮಾಡ್ಲಿ. ಗಟ್ಟಿಯಾಗಿ ಓದ್ಲಿ."

"ಇದನ್ನ ಯಾರೂ ಓದಲ್ಲಮ್ಮ," ಎಂದರು ನರ್ಸಮ್ಮ.

"ಇವನು ಓದ್ತಾನೆ."

ಓದಿದೆ. ವಾರ್ಡಿನ ಉಳಿದ ಮಂಚದವರೂ ತಲೆ ಎತ್ತಿ ಕೇಳತೊಡಗಿದರು. ಒಂದು, ಎರಡು, ಮೂರು. ಗಂಟಲು ಕೆರೆತ ಆಗಬಹುದು. ವಾಂತಿ ಆಗಬಹುದು. ಹಲ್ಲಿಗೆ ಪೆಟ್ಟಾಗಬಹುದು. ಎಂಟು ಮುಗಿಸಿ ಉಸಿರೆಳೆದುಕೊಂಡು 'ಹತ್ತು' ಎಂದೆ.

"ಒಂಬತ್ತು ಎಲ್ಲಿ?" ಎಂದಳು ಅಕ್ಕ.

ನಾನು ಬೇಕೆಂದು ಬಿಟ್ಟದ್ದಲ್ಲ. ಕಣ್ಣು ತಾನಾಗಿ ಹಾರಿತ್ತು.

"ಅದು ಎಲ್ಲಾ ಕಡೆ ಇರೋದೇ ಅಕ್ಕ. ಸುಮ್ನೆ ಹಾಕಿರ್ತಾರೆ."

"ಓದು."

"ಅಪರೂಪದ ಸಂದರ್ಭಗಳಲ್ಲಿ," ಎಂದು ಶುರು ಮಾಡಿದೆ. ಅಲ್ಲಿಗೇ ನಿಲ್ಲಿಸಿದೆ. ಮತ್ತೆ ಮೊದಲಿನಿಂದ ಶುರು ಮಾಡಿದೆ. "ಅಪರೂಪದ ಸಂದರ್ಭಗಳಲ್ಲಿ ಅರಿವಳಿಕೆಯಿಂದ ರೋಗಿಯ ಸಾವು ಸಂಭವಿಸಬಹುದು."

ಅಷ್ಟು ಜನರ ಮುಂದೆ, ಐವತ್ತರ ಹತ್ತಿರದ ನಾನು, ಕಾಗದದಿಂದ ಮುಖ ಮುಚ್ಚಿಕೊಂಡು ಅತ್ತೆ. ಅಕ್ಕ ಸಾಯುವುದು ಬೇಡ ಎಂದು ಅತ್ತೆ. ನಾನು ಕಿತ್ತುಹಾಕಿದ ಎರಡು ಸಾಲಿಗೂ ಅತ್ತೆ. ಅಕ್ಕ ಬಗ್ಗಿ ನನ್ನ ತಲೆಗೆ ಒಂದು ಮೊಟಕಿದಳು.

"ಓದಿದ್ರಿಂದ ಏನೂ ಆಗ್ಲಿಲ್ಲ ನೋಡು. ನಂಗೆ ಗೊತ್ತಿರುತ್ತೆ, ಅಷ್ಟೆ. ಹಾಕು ಸಹಿ."

ಉಳಿದದ್ದು ಓದುವ ಮೊದಲೇ ಟ್ರಾಲಿ ಬಂತು. ಹಾಕಿದೆ.

ಆಮೇಲಿನ ಒಂದೂವರೆ ಗಂಟೆ ಭಾವ ಕಾರಿಡಾರಿನ ಟೈಲ್ಸು ಎಣಿಸಿದರು. ನಾನು ಬಾಗಿಲ ಮೇಲಿನ ಕೆಂಪು ದೀಪ ನೋಡುತ್ತಾ ಕೂತಿದ್ದೆ. ಡಾಕ್ಟರು ಹೊರಬಂದು, ಟೋಪಿ ತೆಗೆದು, "ಎಲ್ಲಾ ಚೆನ್ನಾಗಾಯ್ತು, ಹಾರ್ಟು ಒಂದು ಸಲಾನೂ ತಾಳ ತಪ್ಲಿಲ್ಲ," ಎಂದಾಗ ಭಾವ ನಿಂತಲ್ಲೇ ನೆಲದ ಮೇಲೆ ಕುಕ್ಕರಿಸಿ ಕೂತರು.

ಅಕ್ಕ ಕಣ್ಣು ಬಿಟ್ಟಾಗ ಮಧ್ಯಾಹ್ನವಾಗಿತ್ತು. ಭಾವನನ್ನು ನೋಡಿದಳು, ಆಮೇಲೆ ನನ್ನನ್ನು. ತುಟಿ ಒಣಗಿತ್ತು, ದನಿ ಗೊಗ್ಗರಾಗಿತ್ತು. ನೀರು ಕೇಳುತ್ತಾಳೆಂದು ಹತ್ತಿರ ಬಗ್ಗಿದೆ.

"ಹತ್ತನೇದು ನೀನು ಓದ್ಲಿಲ್ಲ," ಎಂದಳು.

ನರ್ಸಮ್ಮನ ಬಳಿ ಓಡಿಹೋಗಿ, ಬೇಡಿಕೊಂಡು, ಕಾಗದ ತಂದೆ. ಮಂಚದ ಪಕ್ಕ ಸ್ಟೂಲು ಹಾಕಿಕೊಂಡು ಕೂತೆ.

"ಹತ್ತು. ರೋಗಿಯ ಬೆಲೆಬಾಳುವ ವಸ್ತುಗಳಿಗೆ ಆಸ್ಪತ್ರೆ ಜವಾಬ್ದಾರಿಯಲ್ಲ."

"ಹ್ಞೂಂ. ಮುಂದೆ?"

ಹನ್ನೊಂದು ಓದಿದೆ. ಹನ್ನೆರಡು ಓದಿದೆ. ಒಟ್ಟು ಹದಿನಾಲ್ಕಿದ್ದವು. ಹದಿಮೂರರ ಮಧ್ಯದಲ್ಲಿ ಅಕ್ಕನಿಗೆ ನಿದ್ದೆ ಬಂದುಬಿಟ್ಟಿತು. ಹದಿನಾಲ್ಕನೆಯದನ್ನೂ ನಾನು ಗಟ್ಟಿಯಾಗಿಯೇ ಓದಿ ಮುಗಿಸಿದೆ.